ಒಡನಾಡಿಯ ಆಯ್ಕೆ, ನಿಸರ್ಗದ ಆಯ್ಕೆ: ತೆಂಗಿನ ಸೀಮೆಯ ಎರಡು ಕಣಜಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಹಬ್ಬಿ ದಂಡಿನಶಿವರ ಹೋಬಳಿಯನ್ನೂ ಒಳಗೊಂಡಿರುವ ತೆಂಗಿನ ಸೀಮೆಯಲ್ಲಿ, ಬೇಸಿಗೆ ಬಲಿಯುತ್ತಿದ್ದಂತೆ ಗರಿಗಳು ಸುಟ್ಟಂತೆ ಒಣಗುವುದಕ್ಕೆ ಕಾರಣವಾಗುವ ಕಪ್ಪು ತಲೆ ಹುಳು ಬೆಳೆಗಾರರಿಗೆಲ್ಲ ಚೆನ್ನಾಗಿ ಗೊತ್ತಿರುವ ಪೀಡೆ. ಆ ಹುಳುವಿನ ಮೈಮೇಲೆಯೇ ತನ್ನ ಸಂತತಿಯನ್ನು ಬೆಳೆಸುವ, ನೋಡಲು ಕಪ್ಪಿರುವೆಯನ್ನು ಹೋಲುವ ಗೋನಿಯೋಜಸ್ ನೆಫಾಂಟಿಡಿಸ್ ಎಂಬ ಸಣ್ಣ ಕಣಜವನ್ನು ಪ್ರಯೋಗಾಲಯಗಳಲ್ಲಿ ಸಾಕಿ ತೋಟಗಳಿಗೆ ಬಿಡುವ ಪದ್ಧತಿಯೂ ಬಹುಕಾಲದಿಂದ ಬಳಕೆಯಲ್ಲಿದೆ. ದಕ್ಷಿಣ ಭಾರತದಾದ್ಯಂತ ಮನೆಗಳ ಸೂರಿನಡಿ, ಕಿಟಕಿಯ ಸಂದಿಯಲ್ಲಿ, ಕಟ್ಟಡಗಳ ಕತ್ತಲೆ ಮೂಲೆಗಳಲ್ಲಿ ಕಾಗದದಂಥ ಗೂಡು ಕಟ್ಟಿಕೊಂಡು ಗುಂಪಾಗಿ ಬಾಳುವ ರೋಪಾಲಿಡಿಯ ಮಾರ್ಜಿನೇಟ ಇನ್ನೊಂದು ಕಣಜ. ಮೊದಲನೆಯದು ತಾನು ಹಿಡಿದ ಹುಳುವಿನ ಬಳಿ ಮತ್ತೊಂದು ಹೆಣ್ಣು ಸುಳಿದರೆ ಸಹಿಸದು, ಎರಡನೆಯದು ಇನ್ನೊಂದರ ಮೊಟ್ಟೆಗಳಿಗಾಗಿ ಬದುಕಿಡೀ ದುಡಿದು ಸಾಯುತ್ತದೆ. ಇಷ್ಟು ಭಿನ್ನವಾದ ಎರಡು ನಡವಳಿಕೆಗಳನ್ನು ಒಂದೇ ನಿಯಮದಡಿ ವಿವರಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಕಳೆದ ಕೆಲವು ದಶಕಗಳ ಜೀವವಿಜ್ಞಾನ ಕೊಟ್ಟಿರುವ ಉತ್ತರದ ತಿರುಳು, ಒಂದು ಜೀವಿಯ ಏಳುಬೀಳನ್ನು ಅದರ ಸ್ವಂತ ಗುಣಗಳಷ್ಟೇ ಅಲ್ಲದೆ ಅದು ಯಾರ ನಡುವೆ ಬದುಕುತ್ತದೆ ಎಂಬುದೂ ನಿರ್ಧರಿಸುತ್ತದೆ ಎಂಬುದು.

ನಿಸರ್ಗದ ಆಯ್ಕೆ ಎಂದರೆ, ಒಂದು ಗುಣವುಳ್ಳ ಜೀವಿಗಳು ಆ ಗುಣವಿಲ್ಲದವುಗಳಿಗಿಂತ ಹೆಚ್ಚು ಮರಿಗಳನ್ನು ಉಳಿಸಿಹೋಗುವುದರಿಂದ ಆ ಗುಣ ಪೀಳಿಗೆಯಿಂದ ಪೀಳಿಗೆಗೆ ಹೆಚ್ಚುತ್ತ ಸಾಗುವ ಪ್ರಕ್ರಿಯೆ. ಹವಾಮಾನ, ಆಹಾರ, ಶತ್ರುಗಳು ಈ ಆಯ್ಕೆಯನ್ನು ನಡೆಸುತ್ತವೆ ಎಂಬುದು ಶಾಲಾ ಪಠ್ಯಗಳಲ್ಲಿಯೂ ಬರುವ ಮಾತು. ಆದರೆ ಒಂದು ಕೀಟದ ಪಾಲಿಗೆ ಅದರದೇ ಜಾತಿಯ ಇತರ ಕೀಟಗಳೂ ಪರಿಸರದ ಭಾಗವೇ ಆಗಿರುತ್ತವೆ, ಮತ್ತು ಈ ಭಾಗ ಮಳೆಬಿಸಿಲಿನಂತೆ ತನ್ನಷ್ಟಕ್ಕೆ ಇರುವಂಥದ್ದಲ್ಲ, ಅದೂ ಪೀಳಿಗೆಯಿಂದ ಪೀಳಿಗೆಗೆ ವಿಕಾಸಗೊಳ್ಳುತ್ತಿರುತ್ತದೆ. ಜೇಸನ್ ವುಲ್ಫ್, ಎಡ್ಮಂಡ್ ಬ್ರೋಡಿ ಮತ್ತು ಆಲನ್ ಮೂರ್ 1999ರಲ್ಲಿ ಇದನ್ನು ಒಂದು ಸಮೀಕರಣದೊಳಗೆ ತಂದರು. ಜೀವಿಯ ಸ್ವಂತ ಗುಣ ಅದರ ಯಶಸ್ಸಿನ ಮೇಲೆ ಬೀರುವ ಪರಿಣಾಮ ಒಂದು ಪಾಲು, ಅದರ ಒಡನಾಡಿಗಳ ಗುಣ ಅದರ ಯಶಸ್ಸಿನ ಮೇಲೆ ಬೀರುವ ಪರಿಣಾಮ, ಅಂದರೆ ಸಾಮಾಜಿಕ ಆಯ್ಕೆ, ಇನ್ನೊಂದು ಪಾಲು. ಆದರೆ ಈ ಎರಡನೆಯ ಪಾಲನ್ನು ಹಾಗೆಯೇ ಕೂಡುವಂತಿಲ್ಲ, ಎಂಥ ಜೀವಿಗೆ ಎಂಥ ಒಡನಾಡಿ ಸಿಗುತ್ತದೆ ಎಂಬುದರ ಅಳತೆಯಿಂದ ಅದನ್ನು ಗುಣಿಸಬೇಕಾಗುತ್ತದೆ. ಜೊತೆಗೂಡುವುದು ಬರೀ ಆಕಸ್ಮಿಕವಾಗಿದ್ದರೆ ಆ ಅಳತೆ ಸೊನ್ನೆಯಾಗಿ, ಒಡನಾಡಿಗಳು ಎಷ್ಟೇ ಲಾಭ ನಷ್ಟ ಮಾಡಿದರೂ ಅದರಿಂದ ಗುಣದ ವಿಕಾಸಕ್ಕೆ ದಿಕ್ಕು ಸಿಗುವುದಿಲ್ಲ. ಸಮಾನರು ಸಮಾನರನ್ನು ಸೇರಿದರೆ ಅದು ಧನವಾಗುತ್ತದೆ, ವಿರುದ್ಧ ಗುಣದವು ಸೇರಿದರೆ ಋಣವಾಗುತ್ತದೆ. ಒಡನಾಡಿಯನ್ನು ಆರಿಸಿಕೊಳ್ಳುವ ನಡವಳಿಕೆ ವಿಕಾಸದ ಲೆಕ್ಕದೊಳಗೆ ನುಸುಳುವುದು ಈ ಅಳತೆಯ ಮೂಲಕವೇ.

ಅಮೆರಿಕದ ವರ್ಜೀನಿಯಾದ ಬೆಟ್ಟಗಾಡಿನಲ್ಲಿ, ಕೊಳೆತ ಮರಗಳ ಮೇಲೆ ಬೆಳೆಯುವ ಗಟ್ಟಿ ಅಣಬೆಗಳಲ್ಲಿ ಬಾಳುವ ಕವಲು ಕೊಂಬಿನ ದುಂಬಿಗಳ ಮೇಲೆ ಬ್ರೋಡಿ, ವಿನ್ಸೆಂಟ್ ಫಾರ್ಮಿಕ, ಜೋಯಲ್ ಮೆಕ್‌ಗ್ಲಾತ್ಲಿನ್ ಮತ್ತವರ ಸಂಗಡಿಗರು ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸಮೀಕರಣಕ್ಕೆ ಕಾಡಿನಲ್ಲಿಯೇ ಸಿಕ್ಕ ಒಳ್ಳೆಯ ಉದಾಹರಣೆ. ಅಲ್ಲಿ ದೊಡ್ಡ ಗಾತ್ರದ ಗಂಡಿಗೆ ಹೆಚ್ಚು ಹೆಣ್ಣುಗಳು ದೊರೆಯುತ್ತಿದ್ದವು, ಆದರೆ ಸುತ್ತಲಿನ ಗಂಡುಗಳೂ ದೊಡ್ಡವಾಗಿದ್ದರೆ ಆ ಲಾಭ ಕರಗುತ್ತಿತ್ತು; ದೊಡ್ಡ ಗಂಡುಗಳು ಸಣ್ಣ ಗಂಡುಗಳ ನಡುವೆಯೇ ಹೆಚ್ಚಾಗಿ ಕಂಡುಬಂದದ್ದರಿಂದ ಎರಡು ಋಣಗಳು ಗುಣಿಸಿ ಧನವಾಗಿ, ದೊಡ್ಡ ಗಾತ್ರದ ಪರವಾದ ಆಯ್ಕೆ ಇನ್ನಷ್ಟು ಬಲಗೊಂಡಿತ್ತು. ಅದೇ ದುಂಬಿಗಳು ಸಮಾನರ ಜೊತೆ ಸೇರುವ ಸ್ವಭಾವದವಾಗಿದ್ದರೆ, ಮೈಗಾತ್ರವಾಗಲಿ ಹೆಣ್ಣುಗಳ ಇಷ್ಟವಾಗಲಿ ಎಳ್ಳಷ್ಟೂ ಬದಲಾಗದೆಯೇ ಆಯ್ಕೆಯ ಬಲ ಕುಗ್ಗುತ್ತಿತ್ತು. ಇಲ್ಲಿ ಆಯ್ಕೆ ಎಂಬ ಮಾತನ್ನು ಬಳಸುವಾಗ ಕೀಟಕ್ಕೆ ಆಲೋಚನೆಯನ್ನಾಗಲಿ ಮನಸ್ಸನ್ನಾಗಲಿ ಆರೋಪಿಸಬೇಕಿಲ್ಲ, ಯಾರ ಬಳಿ ನಿಲ್ಲುವುದು, ಯಾರನ್ನು ಬಿಟ್ಟು ಹೋಗುವುದು, ಯಾರನ್ನು ಓಡಿಸುವುದು ಎಂಬ ನಡವಳಿಕೆಯಲ್ಲಿ ಒಂದು ಒಲವಿದ್ದರೆ ಅಷ್ಟೇ ಸಾಕಾಗುತ್ತದೆ.

ತೆಂಗಿನ ತೋಟದ ಗೋನಿಯೋಜಸ್‌ಗೆ ಬಂದರೆ, ಅಲ್ಲಿ ಒಡನಾಡಿ ಎಂದರೆ ಮೊದಲಿಗೆ ಎದುರಾಳಿಯೇ. ಕಪ್ಪು ತಲೆ ಹುಳು ಗರಿಯ ಕೆಳಮೈಯಲ್ಲಿ ತನ್ನ ಹಿಕ್ಕೆಯನ್ನೂ ನೂಲನ್ನೂ ಬೆರೆಸಿ ಗೂಡಿನಂಥ ಸುರಂಗ ಕಟ್ಟಿಕೊಂಡು ಒಳಗೆ ಕುಳಿತು ಹಸಿರನ್ನು ಕೆರೆದು ತಿನ್ನುತ್ತದೆ. ಹೆಣ್ಣು ಗೋನಿಯೋಜಸ್ ಆ ಸುರಂಗದೊಳಕ್ಕೆ ನುಗ್ಗಿ, ಬಲಿತ ಹುಳುವನ್ನು ಕುಟುಕಿ ನಿಶ್ಚಲಗೊಳಿಸಿ, ಅದರ ಮೈಮೇಲೆ ಮೊಟ್ಟೆಗಳ ಸಾಲನ್ನಿಟ್ಟು, ಮರಿಗಳು ಹುಳುವನ್ನು ಹೀರಿ ಬೆಳೆದು ತಮ್ಮ ಗೂಡು ನೇಯುವವರೆಗೂ ಕಾವಲು ಕಾಯುತ್ತದೆ. ಈ ಕಾವಲಿಗೆ ಕಾರಣವಿದೆ. ಇಂಗ್ಲೆಂಡಿನ ಇಯಾನ್ ಹಾರ್ಡಿ ಮತ್ತು ಟಿಮ್ ಬ್ಲ್ಯಾಕ್‌ಬರ್ನ್ 1991ರಲ್ಲಿ ಇದೇ ಕಣಜದ ಸಂತತಿ ರಕ್ಷಣೆಯನ್ನು ಕುರಿತು ಪ್ರಕಟಿಸಿದ ಅಧ್ಯಯನದಿಂದ ಸ್ಪಷ್ಟವಾಗುವಂತೆ, ತಾಯಿ ಕಾಯದೆ ಬಿಟ್ಟ ಹುಳುವಿನ ಬಳಿ ಬರುವ ಅದೇ ಜಾತಿಯ ಇನ್ನೊಂದು ಹೆಣ್ಣೇ ಆ ಮೊಟ್ಟೆಗಳಿಗೆ ದೊಡ್ಡ ಅಪಾಯ, ಏಕೆಂದರೆ ಅದು ಮೊದಲಿನ ಮೊಟ್ಟೆಗಳನ್ನು ನಾಶಮಾಡಿ ತನ್ನದನ್ನು ಇಡಬಲ್ಲದು. ಹಾಗಾಗಿ ಎರಡು ಹೆಣ್ಣುಗಳು ಮುಖಾಮುಖಿಯಾದಾಗ ಬೆನ್ನಟ್ಟುವುದು, ಕಚ್ಚುವುದು, ಕುಟುಕಲು ಹವಣಿಸುವುದು ನಡೆದು ಕೊನೆಗೆ ಒಂದು ಹಿಮ್ಮೆಟ್ಟುತ್ತದೆ.

ಈ ಕಾದಾಟದ ಫಲಿತಾಂಶ ಹೇಗೆ ತೀರ್ಮಾನವಾಗುತ್ತದೆ ಎಂಬುದನ್ನು ಪೀಟರ್ಸನ್ ಮತ್ತು ಹಾರ್ಡಿ 1996ರಲ್ಲಿ ಅಳೆದರು. ಮೊದಲೇ ಹುಳುವನ್ನು ಹಿಡಿದಿದ್ದ ಹೆಣ್ಣಿಗೆ ಒಂದಿಷ್ಟು ಅನುಕೂಲವಿದ್ದರೂ, ಇಬ್ಬರಲ್ಲಿ ದೊಡ್ಡದು ಯಾವುದೋ ಅದು ಗೆಲ್ಲುವ ಸಂಭವ ಹೆಚ್ಚು. 2000ದಲ್ಲಿ ಸ್ಟೊಕ್ಕೆಬೊ ಮತ್ತು ಹಾರ್ಡಿ ತೋರಿಸಿದಂತೆ, ಹೊಟ್ಟೆಯಲ್ಲಿ ಹೆಚ್ಚು ಬಲಿತ ಮೊಟ್ಟೆಗಳನ್ನು ಹೊತ್ತ ಹೆಣ್ಣಿಗೂ ಗೆಲುವು ಹೆಚ್ಚಾಗಿ ಒಲಿಯುತ್ತದೆ. ಇದರ ಪರಿಣಾಮ ಜಗಳದಲ್ಲಿ ಮುಗಿಯದೆ ತಾಯಿ ಎಷ್ಟು ಮೊಟ್ಟೆ ಇಡಬೇಕು ಎಂಬಲ್ಲಿಯವರೆಗೂ ಚಾಚುತ್ತದೆ ಎಂಬುದು ಈ ಸಂಶೋಧನೆಯ ಅತ್ಯಂತ ಬೆಲೆಬಾಳುವ ಅಂಶ. ಒಂದೇ ಹುಳುವಿನ ಮೇಲೆ ಹೆಚ್ಚು ಮೊಟ್ಟೆಗಳಿಟ್ಟರೆ ಆಹಾರ ಹಂಚಿಹೋಗಿ ಮಗಳಂದಿರು ಸಣ್ಣವಾಗುತ್ತಾರೆ. ಎದುರಾಳಿಗಳೇ ಇಲ್ಲದ ಲೋಕದಲ್ಲಿ ಸಣ್ಣ ಮಗಳೂ ಸಾಕಷ್ಟು ಚೆನ್ನಾಗಿ ಬಾಳಬಲ್ಲಳು, ಆದರೆ ಸಿಕ್ಕ ಹುಳುವಿಗಾಗಿ ಕಾದಾಡಬೇಕಾದ ತೋಟದಲ್ಲಿ ಸಣ್ಣವಳು ಸೋತು ಹಿಂದಿರುಗುತ್ತಾಳೆ. ಆದ್ದರಿಂದ ಇನ್ನೂ ಹುಟ್ಟದ ಮಗಳು ಮುಂದೆಂದೋ ಎದುರಿಸಲಿರುವ ಎದುರಾಳಿಯ ಗಾತ್ರ, ಇಂದಿನ ತಾಯಿಯ ಮೊಟ್ಟೆಗಳ ಸಂಖ್ಯೆಯನ್ನು ತಗ್ಗಿಸುವ ಕಡೆಗೆ ಒತ್ತುತ್ತದೆ.

ಇಲ್ಲಿ 1999ರ ಸಮೀಕರಣವನ್ನು ಹೊಂದಿಸಿ ನೋಡಿದರೆ ಇನ್ನೂ ಒಂದು ಸೂಕ್ಷ್ಮ ಹೊರಬೀಳುತ್ತದೆ. ಒಂದೇ ಹುಳುವನ್ನುಂಡು ಬೆಳೆದ ಅಕ್ಕತಂಗಿಯರು ಒಂದೇ ಗರಿಯಲ್ಲಿ ಒಟ್ಟಿಗೆ ಹೊರಬರುತ್ತಾರೆ ಮತ್ತು ಒಂದೇ ಊಟದಲ್ಲಿ ಪಾಲು ಪಡೆದವರಾದ್ದರಿಂದ ಅವರ ಗಾತ್ರವೂ ಹತ್ತಿರ ಹತ್ತಿರ ಇರುತ್ತದೆ. ಅವರು ದೂರ ಹಾರದೆ ಅಲ್ಲಿಯೇ ಉಳಿದರೆ ದೊಡ್ಡವಳ ಎದುರಾಳಿ ದೊಡ್ಡವಳೇ ಆಗಿ, ದೊಡ್ಡ ಗಾತ್ರದಿಂದ ಬರಬೇಕಾದ ಲಾಭವೇ ಮಾಯವಾಗುತ್ತದೆ. ಬೇರೆಡೆ ಹಾರಿಹೋಗಿ ಅಪರಿಚಿತರ ನಡುವೆ ಹುಳು ಹುಡುಕುವವಳಿಗೆ ಆ ಲಾಭ ಮರಳಿ ದಕ್ಕುತ್ತದೆ. ಅಂದರೆ ಗಾತ್ರದ ಮೇಲಿನ ಆಯ್ಕೆಯೂ ಹಾರಿಹೋಗುವ ಒಲವಿನ ಮೇಲಿನ ಆಯ್ಕೆಯೂ ಒಂದನ್ನೊಂದು ಹೆಣೆದುಕೊಂಡಿವೆ. ಇದೇ ಕುಲದ ಗೋನಿಯೋಜಸ್ ಲೆಗ್ನೆರಿ ಎಂಬ ಕಣಜದಲ್ಲಿ ಹಾರ್ಡಿಯವರ ತಂಡ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ರಕ್ತಸಂಬಂಧವೂ ಒಂದೇ ಹುಳುವಿನ ಮೇಲೆ ಬೆಳೆದ ಪರಿಚಯವೂ ಕಾದಾಟದ ಕಾವನ್ನು ತಗ್ಗಿಸುತ್ತವೆ. ಎದುರಾಳಿ ಯಾರೆಂದು ಗುರುತಿಸಿ ನಡವಳಿಕೆಯನ್ನು ಬದಲಿಸಿಕೊಳ್ಳುವ ಶಕ್ತಿ ಇಷ್ಟು ಸಣ್ಣ ಕೀಟದಲ್ಲಿಯೂ ಇದೆ ಎಂಬುದು ನಿಜಕ್ಕೂ ಬೆರಗು ಹುಟ್ಟಿಸುವ ಸಂಗತಿ.

ಕೂಡುವ ಸಂಗಾತಿಯ ವಿಷಯದಲ್ಲಿ ಮಾತ್ರ ಗೋನಿಯೋಜಸ್‌ಗೆ ಆಯ್ಕೆಯ ಅವಕಾಶ ಕಡಿಮೆ. ಒಂದು ಸಂಸಾರದಲ್ಲಿ ಬಹುಪಾಲು ಹೆಣ್ಣುಗಳೇ ಇದ್ದು, ಒಂದೋ ಎರಡೋ ಗಂಡು ಮಾತ್ರ ಹುಟ್ಟಿ ತನ್ನ ಅಕ್ಕತಂಗಿಯರನ್ನೇ ಕೂಡುತ್ತದೆ. ವಿಲಿಯಂ ಹ್ಯಾಮಿಲ್ಟನ್ 1967ರಲ್ಲಿ ವಿವರಿಸಿದಂತೆ, ಒಡಹುಟ್ಟಿದ ಗಂಡುಗಳು ತಮ್ಮತಮ್ಮಲ್ಲೇ ಪೈಪೋಟಿಗಿಳಿಯುವ ಇಂಥ ಏರ್ಪಾಡಿನಲ್ಲಿ ಹೆಚ್ಚು ಗಂಡು ಹೆರುವ ತಾಯಿಗೆ ನಷ್ಟವೇ ಹೊರತು ಲಾಭವಿಲ್ಲ.

ರೋಪಾಲಿಡಿಯ ಮಾರ್ಜಿನೇಟದ ಕಥೆ ಇದಕ್ಕಿಂತ ವಿಸ್ತಾರವಾದದ್ದು, ಮತ್ತು ಅದನ್ನು ಲೋಕಕ್ಕೆ ತಿಳಿಸಿದ ಕೆಲಸ ಬಹುಮಟ್ಟಿಗೆ ಕರ್ನಾಟಕದಲ್ಲಿಯೇ ನಡೆದದ್ದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಆಮೇಲೆ ಅದೇ ಸಂಸ್ಥೆಯಲ್ಲಿ ಕಣಜಗಳ ಸಮಾಜವನ್ನೇ ಜೀವಮಾನದ ಅಧ್ಯಯನವಾಗಿಸಿಕೊಂಡ ರಾಘವೇಂದ್ರ ಗದಗ್ಕರ್ ಅವರೂ ಅವರ ವಿದ್ಯಾರ್ಥಿಗಳೂ ದಶಕಗಳ ಕಾಲ ಗೂಡುಗಳ ಮುಂದೆ ಕುಳಿತು, ಒಂದೊಂದು ಕಣಜಕ್ಕೂ ಬಣ್ಣದ ಚುಕ್ಕೆಯಿಟ್ಟು ಗುರುತಿಸಿ ಕಲೆಹಾಕಿದ ಅರಿವು 2001ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯದಿಂದ ಗ್ರಂಥರೂಪದಲ್ಲಿ ಬಂತು. ಈ ಕಣಜದಲ್ಲಿ ರಾಣಿ ಮತ್ತು ದುಡಿಯುವ ಹೆಣ್ಣು ನೋಡಲು ಒಂದೇ ಬಗೆ. ಗೂಡನ್ನು ಒಂದು ಹೆಣ್ಣು ಒಂಟಿಯಾಗಿಯೂ ಆರಂಭಿಸಬಹುದು, ಹಲವು ಹೆಣ್ಣುಗಳು ಕೂಡಿಯೂ ಆರಂಭಿಸಬಹುದು, ಕೂಡಿ ಆರಂಭಿಸಿದಾಗ ಒಂದು ಮಾತ್ರ ಮೊಟ್ಟೆಯಿಟ್ಟು ಉಳಿದವು ಗೂಡು ಕಟ್ಟುವುದರಲ್ಲಿ, ಆಹಾರ ತರುವುದರಲ್ಲಿ ತೊಡಗುತ್ತವೆ. ಒಂಟಿಯಾಗಿ ರಾಣಿಯಾಗುವ ದಾರಿ ಎದುರಿಗೇ ತೆರೆದಿರುವಾಗ ಒಂದು ಹೆಣ್ಣು ಇನ್ನೊಂದರ ಗೂಡಿಗೆ ದುಡಿಯಲು ಹೋಗುವುದು ಏಕೆ?

ಹ್ಯಾಮಿಲ್ಟನ್ 1964ರಲ್ಲಿ ಕೊಟ್ಟ ಉತ್ತರ ರಕ್ತಸಂಬಂಧದ್ದು: ನೆಂಟರ ಮರಿಗಳಲ್ಲಿಯೂ ತನ್ನ ಜೀನ್‌ಗಳ ಪಾಲಿರುವುದರಿಂದ ಅವುಗಳನ್ನು ಸಾಕುವುದೂ ಸಂತಾನಕ್ಕೆ ಸಮನಾದೀತು. ಕಣಜಗಳಲ್ಲಿ ಗಂಡು ಗರ್ಭ ಕಟ್ಟದ ಮೊಟ್ಟೆಯಿಂದ ಹುಟ್ಟುವುದರಿಂದ, ತಾಯಿ ಒಂದೇ ಗಂಡನ್ನು ಕೂಡಿದ್ದರೆ ಅಕ್ಕತಂಗಿಯರ ನಡುವಿನ ಸಂಬಂಧದ ಪ್ರಮಾಣ 0.75ರಷ್ಟು ಆಗಿ, ತಾಯಿ ಮಗಳ ನಡುವಿನ 0.5ನ್ನೂ ಮೀರುತ್ತದೆ. ಆದರೆ ಗದಗ್ಕರ್ ಅವರ ತಂಡ 1986ರಲ್ಲಿಯೇ ತೋರಿಸಿದಂತೆ ಈ ಕಣಜದ ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡುತ್ತದೆ, ಹಾಗಾಗಿ ಮಗಳಂದಿರ ನಡುವಿನ ಸಂಬಂಧ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಅದರ ಮೇಲೆ ಒಂದೇ ಗೂಡಿನಲ್ಲಿ ಕಾಲಕಾಲಕ್ಕೆ ರಾಣಿಯರು ಬದಲಾಗುತ್ತಿರುವುದರಿಂದ ದುಡಿಯುವ ಹೆಣ್ಣು ಸಾಕುತ್ತಿರುವುದು ತಂಗಿಯನ್ನೋ ಸೋದರ ಸಂಬಂಧಿಯನ್ನೋ ಇನ್ನೂ ದೂರದ ನೆಂಟರನ್ನೋ ಎಂಬುದು ಬೆರೆತುಹೋಗುತ್ತದೆ. ಅಂಥ ಗೂಡಿನೊಳಗೆ ತನಗೆ ಹತ್ತಿರದವರನ್ನು ಆರಿಸಿ ನೆರವಾಗುವ ಶಕ್ತಿ ಇದ್ದಿದ್ದರೆ ನಷ್ಟ ತುಂಬಿಕೊಳ್ಳಬಹುದಿತ್ತು, ಆದರೆ 1988ರ ಪ್ರಯೋಗಗಳಲ್ಲಿ ಕಂಡದ್ದು ಬೇರೆ. ಹುಟ್ಟಿದಾಗಿನಿಂದ ಗೂಡಿನಿಂದಲೂ ಗೂಡಿನವರಿಂದಲೂ ದೂರವಿಟ್ಟು ಸಾಕಿದ ಹೆಣ್ಣುಗಳು ತಮ್ಮ ಅಕ್ಕತಂಗಿಯರನ್ನು ಪರಕೀಯರಿಂದ ಬೇರ್ಪಡಿಸಿ ಗುರುತಿಸಲಿಲ್ಲ, ಗೂಡಿನ ಒಡನಾಟ ಸಿಕ್ಕವು ಮಾತ್ರ ಗುರುತಿಸಿದವು. ಗುರುತು ಗೂಡಿನಿಂದ ಮೆತ್ತಿಕೊಂಡ ವಾಸನೆಯದು, ಹುಟ್ಟಿನದಲ್ಲ. ಹುಟ್ಟಿ ಕೆಲವೇ ದಿನಗಳಾದ ಪರಗೂಡಿನ ಎಳೆಯ ಕಣಜಗಳನ್ನು ಗೂಡುಗಳು ಒಳಕ್ಕೆ ಬಿಟ್ಟುಕೊಳ್ಳುತ್ತವೆ ಎಂಬ 1997ರ ಫಲಿತಾಂಶವೂ ಇದಕ್ಕೆ ಹೊಂದುತ್ತದೆ.

ಹಾಗಿದ್ದರೆ ಈ ಕಣಜ ಒಡನಾಡಿಯನ್ನು ಆರಿಸುವುದಕ್ಕಿಂತ ಹೆಚ್ಚಾಗಿ ಗುಂಪನ್ನು ಆರಿಸುತ್ತದೆ ಎನ್ನಬೇಕಾಗುತ್ತದೆ, ಮತ್ತು ಗುಂಪು ಕೊಡುವ ಲಾಭ ನೆಂಟಸ್ತನದಾಚೆಗೂ ಇದೆ. ಮೊಟ್ಟೆ ಕಣಜವಾಗಲು ಸುಮಾರು 62 ದಿನ ಬೇಕು, ದುಡಿಯುವ ಹೆಣ್ಣೊಂದರ ಸರಾಸರಿ ಬಾಳ್ವೆಯಾದರೋ ಸುಮಾರು ಒಂದು ತಿಂಗಳು. ಒಂಟಿ ತಾಯಿ ನಡುವೆ ಸತ್ತರೆ ಅದುವರೆಗಿನ ಶ್ರಮವೆಲ್ಲ ವ್ಯರ್ಥ, ಗುಂಪಿನಲ್ಲಿದ್ದವಳು ಸತ್ತರೆ ಅರ್ಧ ಬೆಳೆದ ಮರಿಗಳನ್ನು ಉಳಿದವರು ಮುಂದುವರಿಸುತ್ತಾರೆ. ಗದಗ್ಕರ್ 1990ರಲ್ಲಿ ರಾಯಲ್ ಸೊಸೈಟಿಯ ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆಯಲ್ಲಿ ಮಂಡಿಸಿದ ಈ ಖಚಿತ ಪ್ರತಿಫಲದ ವಾದ, ಸಮಾಜಜೀವನದ ಮೂಲವನ್ನು ಕುರಿತ ಚರ್ಚೆಗೆ ಭಾರತದಿಂದ ಸಂದ ಅತ್ಯಂತ ಗಟ್ಟಿಯಾದ ಕೊಡುಗೆಗಳಲ್ಲಿ ಒಂದು. ಎಲ್ಲ ಹೆಣ್ಣುಗಳೂ ಒಂದೇ ಬಗೆಯವಲ್ಲ ಎಂಬುದೂ ಲೆಕ್ಕಕ್ಕೆ ಸೇರಬೇಕು: ಒಂದೊಂದನ್ನೇ ಪ್ರತ್ಯೇಕವಾಗಿಟ್ಟು ಆಹಾರ ಕೊಟ್ಟಾಗ ಸುಮಾರು ಅರ್ಧದಷ್ಟು ಹೆಣ್ಣುಗಳು ಮಾತ್ರ ಗೂಡು ಕಟ್ಟಿ ಮೊಟ್ಟೆಯಿಟ್ಟವು ಎಂದು 1988ರ ಇನ್ನೊಂದು ಅಧ್ಯಯನ ತಿಳಿಸುತ್ತದೆ. ಮೊಟ್ಟೆಯಿಡುವ ಸಾಮರ್ಥ್ಯ ಕಡಿಮೆಯಿರುವವಳಿಗೆ ಒಂಟಿತನದಲ್ಲಿ ಕಳೆದುಕೊಳ್ಳುವುದೇ ಹೆಚ್ಚು, ಗುಂಪಿನಲ್ಲಿ ಪಡೆದುಕೊಳ್ಳುವುದೇ ಹೆಚ್ಚು. ಅನಿಂದಿತಾ ಬ್ರಹ್ಮ, ಸೌವಿಕ್ ಮಂಡಲ್ ಮತ್ತು ಗದಗ್ಕರ್ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಎರಡು ಕಣಜಗಳನ್ನು ಕೂಡಿಸಿದೊಡನೆ ಮೊಟ್ಟೆಯಿಡುವವಳು ಮತ್ತು ದುಡಿಯುವವಳು ಎಂಬ ವಿಭಜನೆಯೂ, ಮೂರನೆಯದು ಸೇರಿದಾಗ ದುಡಿಮೆಯೊಳಗೇ ಹಂಚಿಕೆಯೂ ತಾನಾಗಿ ಮೂಡಿದವು.

ಗುಂಪಿನಲ್ಲಿ ಉಳಿಯುವುದಕ್ಕೆ ಇನ್ನೊಂದು ಪ್ರತಿಫಲ, ಮುಂದೊಂದು ದಿನ ತಾನೇ ರಾಣಿಯಾಗುವ ಸಾಧ್ಯತೆ. ರಾಣಿಯನ್ನು ಗೂಡಿನಿಂದ ತೆಗೆದರೆ ಅರ್ಧ ಗಂಟೆಯ ಒಳಗೆ ಒಂದು ಹೆಣ್ಣು ಅತಿಯಾಗಿ ಆಕ್ರಮಣಶೀಲವಾಗಿ, ರಾಣಿ ಮರಳದಿದ್ದರೆ ಸುಮಾರು ಒಂದು ವಾರದಲ್ಲಿ ಮೊಟ್ಟೆಯಿಡಲು ತೊಡಗುತ್ತದೆ. ಅನಿಂದಿತಾ ಭದ್ರ ಮತ್ತು ಗದಗ್ಕರ್ 2008ರಲ್ಲಿ ಗೂಡನ್ನು ಎರಡು ಹೋಳಾಗಿಸಿ ನಡುವೆ ಜಾಲರಿಯಿಟ್ಟು, ರಾಣಿಯನ್ನು ಈ ಪಕ್ಕದಿಂದ ಆ ಪಕ್ಕಕ್ಕೆ ಸ್ಥಳಾಂತರಿಸಿ ತೋರಿಸಿದಂತೆ, ಮುಂದಿನ ರಾಣಿ ಯಾರೆಂಬುದು ಮನುಷ್ಯನ ಕಣ್ಣಿಗೆ ಗೊತ್ತಾಗದಿದ್ದರೂ ಕಣಜಗಳಿಗೆ ಗೊತ್ತಿರುತ್ತದೆ, ಸರಿಯಾದ ಉತ್ತರಾಧಿಕಾರಿಯನ್ನು ಉಳಿದವು ಎದುರಿಸುವುದಿಲ್ಲ. ರಾಣಿಯರನ್ನು ಒಂದಾದ ಮೇಲೊಂದರಂತೆ ತೆಗೆದು ನೋಡಿದ ಅಲೋಕ್ ಬಂಗ್ ಮತ್ತು ಗದಗ್ಕರ್ ಅವರ 2012ರ ಅಧ್ಯಯನದಲ್ಲಿ ಈ ಸರದಿಯ ಸಾಲು ಬಹಿರಂಗ ಜಗಳವಿಲ್ಲದೆಯೇ ಮುಂದುವರಿಯಿತು. ಇಂಥ ಗೂಡಿನಲ್ಲಿ ಗೆಲ್ಲುವ ಗುಣ ಗೋನಿಯೋಜಸ್‌ನಲ್ಲಿ ಗೆಲ್ಲುವ ಗುಣಕ್ಕಿಂತ ತೀರ ಬೇರೆ. ಅಲ್ಲಿ ಇಬ್ಬರ ಗಾತ್ರದ ವ್ಯತ್ಯಾಸ ನಿರ್ಣಾಯಕ, ಇಲ್ಲಿ ಸರದಿಯನ್ನು ಗೌರವಿಸುವ ಗುಂಪಿನೊಳಗೆ ಬದುಕಿ ಉಳಿಯುವುದು ನಿರ್ಣಾಯಕ. ನಿಶ್ಚಲಗೊಂಡ ಹುಳು ಒಂದು ಸಂಸಾರಕ್ಕೆ ಸಾಲುವಷ್ಟೇ ಇದ್ದು ಕೆಲವೇ ದಿನಗಳಲ್ಲಿ ಮುಗಿಯುವ ಆಸ್ತಿ, ಗೂಡಾದರೋ ತಿಂಗಳುಗಟ್ಟಲೆ ಬಾಳುವ, ಹೆಚ್ಚು ಕೈಗಳು ಸೇರಿದಷ್ಟೂ ಬೆಳೆಯುವ ಆಸ್ತಿ. ಒಡನಾಡಿಯಿಂದ ಲಾಭವೋ ನಷ್ಟವೋ ಎಂಬುದನ್ನು ಬಹುಪಾಲು ಈ ಆಸ್ತಿಯ ಸ್ವರೂಪವೇ ತೀರ್ಮಾನಿಸುತ್ತದೆ.

ಬಿಟ್ಟುಹೋಗುವ ಸ್ವಾತಂತ್ರ್ಯವಿದ್ದಾಗ ಒಡನಾಟದ ಬೆಲೆಯೇ ಬದಲಾಗುತ್ತದೆ ಎಂಬುದನ್ನು ಯೂರೋಪಿನ ಪಾಲಿಸ್ಟಿಸ್ ಡಾಮಿನುಲ ಕಣಜ ತೋರಿಸಿಕೊಟ್ಟಿದೆ. ಲೆನಾ ಗ್ರಿನ್‌ಸ್ಟೆಡ್ ಮತ್ತು ಜೆರೆಮಿ ಫೀಲ್ಡ್ ಸ್ಪೇನಿನಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುತ್ತಮುತ್ತ ಸೇರಿಕೊಳ್ಳಬಹುದಾದ ಬೇರೆ ಗೂಡುಗಳೂ ಒಡನಾಡಿಗಳೂ ಹೆಚ್ಚಾದಾಗ ನೆರವಿನ ಹೆಣ್ಣುಗಳು ತಮ್ಮ ಗೂಡಿಗಾಗಿ ಮಾಡುವ ದುಡಿಮೆಯನ್ನು ಕಡಿಮೆ ಮಾಡಿದವು, ಮತ್ತು ಗೂಡಿನ ಯಜಮಾನಿಗಳು ಅದನ್ನು ಒಪ್ಪಿಕೊಂಡವು. ತಿಪಟೂರಿನ ಮಾರುಕಟ್ಟೆಯಲ್ಲಿ ಒಂದು ಮೂಟೆ ಕೊಬ್ಬರಿಯ ಧಾರಣೆಯನ್ನು ಆ ಕೊಬ್ಬರಿಯ ಗುಣದ ಜೊತೆಗೆ ಅಂದಿನ ಒಟ್ಟು ಆವಕವೂ ಕೊಳ್ಳುವವರ ಸಂಖ್ಯೆಯೂ ನಿರ್ಧರಿಸುವಂತೆ, ಗೂಡಿನಲ್ಲಿ ಒಬ್ಬ ಒಡನಾಡಿಯ ಬೆಲೆಯನ್ನು ಗೂಡಿನ ಹೊರಗಿರುವ ಒಡನಾಡಿಗಳೂ ನಿರ್ಧರಿಸುತ್ತಾರೆ. ನೀರಿನ ಮೇಲ್ಮೈಯಲ್ಲಿ ಉದ್ದ ಕಾಲುಗಳನ್ನೂರಿ ಜಾರುತ್ತ ಓಡುವ ಕೀಟಗಳ ಮೇಲೆ ಒಮರ್ ಎಲ್ದಕರ್ ಮತ್ತವರ ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿಯೂ ಇದೇ ಕಂಡಿತು: ಒಂದೇ ಕೊಳದೊಳಗೆ ಕೂಡಿಹಾಕಿದಾಗ ಹೆಣ್ಣುಗಳನ್ನು ಬಿಡದೆ ಕಾಡುವ ಆಕ್ರಮಣಕಾರಿ ಗಂಡುಗಳದೇ ಮೇಲುಗೈ, ಆದರೆ ಕೊಳದಿಂದ ಕೊಳಕ್ಕೆ ಹೋಗಲು ದಾರಿ ತೆರೆದೊಡನೆ ಹೆಣ್ಣುಗಳು ಅವುಗಳನ್ನು ಬಿಟ್ಟು ಸೌಮ್ಯ ಗಂಡುಗಳಿದ್ದ ಕಡೆ ನೆರೆದು, ಆಕ್ರಮಣಕಾರಿಗಳ ಅನುಕೂಲ ಬಹುಮಟ್ಟಿಗೆ ಅಳಿಸಿಹೋಯಿತು.

ಈ ಅರಿವು ತೆಂಗಿನ ತೋಟದ ಕೀಟ ನಿಯಂತ್ರಣಕ್ಕೂ ಸಂಬಂಧಿಸಿದ್ದು. ಪರೋಪಜೀವಿಗಳನ್ನು ಸಾಕುವ ಕಡೆಗಳಲ್ಲಿ ಗೋನಿಯೋಜಸ್ ಅನ್ನು ಸಾಮಾನ್ಯವಾಗಿ ಅಕ್ಕಿ ಪತಂಗದ ಹುಳುಗಳ ಮೇಲೆ, ಗಾಜಿನ ನಳಿಕೆಗಳಲ್ಲಿ, ಹೆಣ್ಣಿಗೊಂದು ಹುಳುವಿನಂತೆ ಕೊಟ್ಟು ಬೆಳೆಸುತ್ತಾರೆ. ಅಲ್ಲಿ ಎದುರಾಳಿ ಎಂಬುದೇ ಇಲ್ಲ, ಹಾಗಾಗಿ ಸಿದ್ಧಾಂತದ ಪ್ರಕಾರ ಪೀಳಿಗೆಗಳು ಕಳೆದಂತೆ ದೊಡ್ಡ ಮಗಳಿಗಿಂತ ಹೆಚ್ಚು ಮಗಳಂದಿರನ್ನು ಹೆರುವ ತಾಯಿಗೆ ಅನುಕೂಲವಾಗಿ, ಮೊಟ್ಟೆಗಳ ಸಂಖ್ಯೆಯನ್ನು ತಗ್ಗಿಸುತ್ತಿದ್ದ ಒತ್ತಡ ಸಡಿಲವಾಗಬೇಕು. ನಳಿಕೆಯಿಂದ ಒಟ್ಟಿಗೆ ಹೊರಬಂದ ಅಕ್ಕತಂಗಿಯರನ್ನು ಒಂದೇ ಮರದ ಬುಡದಲ್ಲಿ ಬಿಟ್ಟಾಗ ಅವು ಹುಳುಗಳಿಗಿಂತ ಮೊದಲು ಪರಸ್ಪರ ಎದುರಾಗುವ ಸಂಭವವೂ ಇರುತ್ತದೆ. ಬಲಿತ ಹುಳುಗಳು ವಿರಳವಾಗಿರುವ ತೋಟದಲ್ಲಿ ಒಂದು ಹುಳುವಿನ ಬಳಿ ಎರಡು ಹೆಣ್ಣುಗಳು ಸೇರಿದರೆ ಒಬ್ಬಳ ಹೊತ್ತೂ ಕೆಲವೊಮ್ಮೆ ಒಂದು ಸಂಸಾರದ ಮೊಟ್ಟೆಗಳೂ ಕಾದಾಟಕ್ಕೆ ಬಲಿಯಾಗುತ್ತವೆ. ಆದ್ದರಿಂದ ಗರಿಗಳನ್ನು ತೆಗೆದು ಹುಳುಗಳ ಸಂಖ್ಯೆಯನ್ನೂ ಅವುಗಳ ಬೆಳವಣಿಗೆಯ ಹಂತವನ್ನೂ ಎಣಿಸಿ ನೋಡಿ, ಅದಕ್ಕೆ ತಕ್ಕಷ್ಟು ಕಣಜಗಳನ್ನು ಮರದಿಂದ ಮರಕ್ಕೆ ಹಂಚಿ ಬಿಡುವುದು, ಆಗಾಗ ತೋಟಗಳಿಂದಲೇ ಹಿಡಿದು ತಂದ ಕಣಜಗಳನ್ನು ಸಾಕಣೆಯ ಸಂತತಿಗೆ ಬೆರೆಸುವುದು, ಸಾಕಿದ ಹೆಣ್ಣುಗಳ ಸಂಖ್ಯೆಯ ಜೊತೆಗೆ ಅವುಗಳ ಗಾತ್ರವನ್ನೂ ದಾಖಲಿಸುವುದು ಸಾಕಣೆ ಕೇಂದ್ರಗಳ ದಿನನಿತ್ಯದ ಕೆಲಸದೊಳಗೆ ಸೇರಬೇಕಾದ ಕ್ರಮಗಳು.